ಅಡ್ಡಹೆಸರಿಲ್ಲದ ಏಳು ಮಂದಿ

ಕೋವಿಡ್ ಗಲಾಟೆ ಮುಗಿದು ಎಲ್ಲರೂ ಮತ್ತೆ ಆಫೀಸಿಗೆ ಬರತೊಡಗಿದ ಎರಡನೆಯ ವರ್ಷ. ಮುಂಬಯಿಯ ಭಾಂಡುಪ್‌ನಲ್ಲಿ, ಹಿಂದೆ ಕಾರ್ಖಾನೆಯಾಗಿದ್ದ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿ ಇತ್ತು. ನಾನು ಅಲ್ಲಿ ಮೇಂಟೆನೆನ್ಸ್ ವಿಭಾಗದ ಮುಖ್ಯಸ್ಥೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಬೇರೆಯವರು ಕಟ್ಟಿ ಕೈತೊಳೆದುಕೊಂಡ ಸಾಫ್ಟ್‌ವೇರ್ ಬಿದ್ದಾಗ ಎತ್ತಿ ನಿಲ್ಲಿಸುವುದು. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿ ಕಳೆದ ವರ್ಷ ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ಎಲ್ಲರೂ ಮರೆಯಲಾಗದ ಒಂದು ಕೇಸ್ ಹೇಳಿ ಎಂದು ಕೇಳಿದರು. ಹೇಳಲಿಲ್ಲ, ಕೇಕ್ ತಿಂದು ಮನೆಗೆ ಬಂದೆ. ಈಗ ಬರೆಯುತ್ತಿದ್ದೇನೆ.

ಆಗ ನಮ್ಮ ಕೈಯಲ್ಲಿದ್ದ ಆಪ್‌ಗಳಲ್ಲಿ ಒಂದು ಡಯಾಲಿಸಿಸ್ ಕೇಂದ್ರಗಳದ್ದು. ಕಿಡ್ನಿ ಕೈಕೊಟ್ಟವರ ರಕ್ತವನ್ನು ಮೆಷಿನ್ ಶುದ್ಧ ಮಾಡುತ್ತದೆ. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಮೆಷಿನ್‌ಗಳು ಕಡಿಮೆ, ಕಾಯುವವರು ಹೆಚ್ಚು. ಹಾಗಾಗಿ ರೋಗಿಯು ಹಿಂದಿನ ದಿನ ಸಂಜೆ ಆರರೊಳಗೆ ಆಪ್ ತೆರೆದು ‘ಕನ್ಫರ್ಮ್’ ಒತ್ತಬೇಕು. ಒತ್ತದಿದ್ದರೆ ಆ ಸರದಿ ತಾನಾಗಿಯೇ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ. ಬಾರದವರಿಗಾಗಿ ಮೆಷಿನ್ ಖಾಲಿ ಬಿದ್ದಿರಬಾರದೆಂದು ಮಾಡಿದ ನಿಯಮ, ತಪ್ಪೇನಿರಲಿಲ್ಲ.

ಆಪ್ ತಾನಾಗಿಯೇ ಮುಚ್ಚಿಕೊಳ್ಳುವುದಕ್ಕೆ ನಮ್ಮ ಭಾಷೆಯಲ್ಲಿ ಕ್ರ್ಯಾಶ್ ಎನ್ನುತ್ತೇವೆ. ಅದನ್ನು ತಿಳಿಸಲು ಕ್ರ್ಯಾಶ್ ರಿಪೋರ್ಟಿಂಗ್ ಟೂಲ್ ಎಂಬುದೊಂದಿದೆ. ಪೊಲೀಸರು ಬರೆಯುವ ಪಂಚನಾಮೆಯಂಥದ್ದು. ಯಾವ ಫೋನ್, ಎಷ್ಟು ಗಂಟೆಗೆ, ಕೋಡ್‌ನ ಎಷ್ಟನೆಯ ಸಾಲಿನಲ್ಲಿ ಬಿತ್ತು, ಬೀಳುವ ಮೊದಲು ಏನೇನು ಒತ್ತಿದ್ದರು, ಎಲ್ಲವನ್ನೂ ಬರೆದು ಕಳಿಸುತ್ತದೆ. ರೋಗಿಯ ಹೆಸರು ಮಾತ್ರ ಬರೆಯುವುದಿಲ್ಲ. ಅದು ಖಾಸಗಿ ಮಾಹಿತಿ. ಒಂದೇ ಬಗೆಯ ಕ್ರ್ಯಾಶ್‌ಗಳನ್ನು ಒಂದು ಗಂಟಾಗಿ ಕಟ್ಟಿ ಪಕ್ಕದಲ್ಲಿ ಎರಡು ಸಂಖ್ಯೆ ಇಡುತ್ತದೆ: ಎಷ್ಟು ಜನರಿಗೆ ಬಿತ್ತು, ಎಷ್ಟು ಸಲ ಬಿತ್ತು. ಈ ಟೂಲ್ ಬರುವ ಮುಂಚಿನ ಕಾಲವನ್ನೂ ನಾನು ಕಂಡಿದ್ದೇನೆ. ‘ನಡೀತಿಲ್ಲ’ ಎಂಬ ಒಂದೇ ಪದ ಹಿಡಿದುಕೊಂಡು ವಾರಗಟ್ಟಲೆ ಹುಡುಕುತ್ತಿದ್ದೆವು. ಆದ್ದರಿಂದ ಟೂಲ್‌ನ ಮೇಲೆ ನನಗೆ ಸಿಟ್ಟಿಲ್ಲ, ಅದು ತನ್ನ ಕೆಲಸ ಮಾಡಿತ್ತು.

ಪ್ರತಿ ಸೋಮವಾರ ನಾವು ನಾಲ್ವರು ಆ ಪಟ್ಟಿ ನೋಡುತ್ತಿದ್ದೆವು. ಹನ್ನೊಂದು ಆಪ್, ನಾಲ್ಕು ಜೋಡಿ ಕೈ. ಹೆಚ್ಚು ಜನರಿಗೆ ತಗುಲಿದ್ದು ಮೇಲೆ, ಕಡಿಮೆಯವರದ್ದು ಕೆಳಗೆ. ಹತ್ತು ಜನಕ್ಕಿಂತ ಕಡಿಮೆ ಇದ್ದರೆ ‘ಮ್ಯೂಟ್’. ಅಂದರೆ ಬಾಯಿ ಮುಚ್ಚಿಸುವುದು. ಆಮೇಲೆ ಅದು ಕಣ್ಣಿಗೂ ಬೀಳದು, ಇಮೇಲೂ ಕಳಿಸದು. ಈ ನಿಯಮ ಮಾಡಿದವಳು ನಾನೇ.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೆಲ್ಪ್‌ಲೈನ್‌ನ ಹುಡುಗಿ ಒಂದು ಫೋನನ್ನು ನನಗೆ ದಾಟಿಸಿದಳು. “ಮ್ಯಾಡಮ್, ಯೇ ಆಂಟಿ ಆಪ್‌ಕೀ ಭಾಷಾವಾಲೀ ಹೈ. ಮುಝೇ ಬಹುತ್ ಡಾಂಟ್ ರಹೀ ಹೈ,” ಅಂದಳು. ನಿಮ್ಮ ಭಾಷೆಯವರು, ನನ್ನನ್ನು ತುಂಬಾ ಬೈಯುತ್ತಿದ್ದಾರೆ ಅಂತ. ಬೈಗುಳವನ್ನು ನನ್ನ ಕಡೆ ಸಾಗಹಾಕಿದಳು ಅಂದುಕೊಂಡೇ ಎತ್ತಿದೆ.

ಆ ಕಡೆ ಇದ್ದವರು ಸಯನ್‌ನ ಗಿರಿಜಕ್ಕ, ಉಡುಪಿ ಕಡೆಯವರು. ಗಂಡ ಸಂಜೀವ ಅವರು ಮಾಟುಂಗಾದ ಹೋಟೆಲೊಂದರಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು. ಎರಡು ವರ್ಷದಿಂದ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ.

“ಕನ್ಫರ್ಮ್ ಒತ್ತಲಿಕ್ಕೆ ಹೋದ್ರೆ ಸಾಕು, ನಮ್ಮನ್ನು ಹೊರಗೆ ಹಾಕ್ತದೆ ಅಮ್ಮ,” ಅಂದರು. “ಶುಕ್ರವಾರ ಐದು ಗಂಟೆ ಹೊರಗೆ ಕೂತು, ಯಾರೋ ಬರ್ಲಿಲ್ಲ ಅಂತ ಇವ್ರಿಗೆ ಸಿಕ್ಕಿತು. ನಿನ್ನೆ ಅದೂ ಸಿಕ್ಲಿಲ್ಲ. ಕಾಲು ಎರಡೂ ಬಾತು ಹೋಗಿದೆ. ಮಲಗಿದ್ರೆ ಉಸಿರು ಬರುದಿಲ್ಲ, ಕೂತೇ ಇದ್ದಾರೆ. ನಾಳೆಯದ್ದೂ ಹೋದ್ರೆ ನಾನೆಂತ ಮಾಡುದು ಹೇಳಿ.”

ಕೇಂದ್ರಕ್ಕೆ ಹೋಗಿ ಕೇಳಿದ್ದರಂತೆ. ಅಲ್ಲಿಯವರು ಎಲ್ಲ ಆಪ್‌ನಿಂದಲೇ ಆಗುವುದು, ನಮ್ಮ ಹತ್ತಿರ ಬಟನ್ ಇಲ್ಲ ಎಂದರು. ಅದು ನಿಜವೇ. ಆ ಬಟನ್ ತೆಗೆಸಿದ್ದೂ ನಾವೇ, ಶಿಫಾರಸು ನಡೆಯಬಾರದು ಅಂತ. ಹೆಲ್ಪ್‌ಲೈನ್‌ನವರು ಆಪ್ ಅಳಿಸಿ ಮತ್ತೆ ಹಾಕಿ ಎಂದು ನಾಲ್ಕು ಸಲ ಹೇಳಿದ್ದರು. ಗಿರಿಜಕ್ಕ ನಾಲ್ಕು ಸಲವೂ ಹಾಗೇ ಮಾಡಿದ್ದರು.

“ಸಂಜೀ ಆರರೊಳಗ ಏನಾರ ಮಾಡ್ತೀನ್ರೀ ಅಕ್ಕಾರ. ಫೋನ್ ಯಾವ್ದು, ಕಡೀಕ ಯಾವಾಗ ಒತ್ತಿದ್ರಿ, ಅಷ್ಟ ಹೇಳ್ರಿ,” ಅಂದೆ. ನಮ್ಮದು ವಿಜಯಪುರದ ಮನೆಮಾತು. ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬೆಳೆದರೂ ಗಾಬರಿಯಾದಾಗ ಅದೇ ಬಾಯಿಗೆ ಬರುತ್ತದೆ. ಅವರು ಮಗಳು ಬಿಟ್ಟ ಹಳೆಯ ಫೋನಿನ ಹೆಸರು ಹೇಳಿದರು, ಹೋದ ವಾರವಷ್ಟೇ ಅದಕ್ಕೆ ಆಪ್ ಹಾಕಿಸಿಕೊಂಡಿದ್ದರಂತೆ. ಭಾನುವಾರ ಸಂಜೆ ಐದಕ್ಕೆ ಒತ್ತಲು ಶುರುಮಾಡಿದ್ದು ಎಂದರು.

ಪಟ್ಟಿ ತೆರೆದೆ. ಡಯಾಲಿಸಿಸ್ ಆಪ್‌ನ ಎದುರು ಹಸಿರು ಗುರುತು, ಭಾನುವಾರ ಏನೂ ಆಗಿಲ್ಲ ಎನ್ನುವಂತೆ. ಒಂದು ಗಳಿಗೆ, ಈ ಹೆಂಗಸಿಗೇ ಒತ್ತಲು ಬರುವುದಿಲ್ಲವೇನೋ ಎಂದು ಮನಸ್ಸಿಗೆ ಬಂತು. ಆ ಯೋಚನೆಗೆ ಈಗಲೂ ನಾಚಿಕೆಯಾಗುತ್ತದೆ. ಆ ಆಪ್‌ನ ಕೋಡ್ ನೋಡಿಕೊಳ್ಳುತ್ತಿದ್ದ ಪ್ರಾಜಕ್ತಾ ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತುಕೊಂಡೇ ಬಂದು ಆಗಷ್ಟೇ ಚಹಾ ಕೈಗೆತ್ತಿಕೊಂಡಿದ್ದಳು. ನನ್ನ ಹೆಗಲ ಮೇಲಿಂದ ಇಣುಕಿ, “ಮ್ಯೂಟ್ ಕೇಲೇಲೇ ಬಘಿತಲೇ ಕಾ?” ಅಂದಳು. ಮ್ಯೂಟ್ ಮಾಡಿದ್ದನ್ನು ನೋಡಿದಿರಾ ಅಂತ.

ಅಲ್ಲಿತ್ತು. ಜನ: 7. ಸಲ: 212. ಮ್ಯೂಟ್ ಮಾಡುವಾಗ ನಾನು ಮೊದಲ ಸಂಖ್ಯೆಯನ್ನಷ್ಟೇ ಓದುತ್ತಿದ್ದೆ. ಒಳಗೆ ಹೋದರೆ ಗಿರಿಜಕ್ಕ ಹೇಳಿದ ಅದೇ ಫೋನ್, ಭಾನುವಾರ, ಐದು ಗಂಟೆ ನಾಲ್ಕು ನಿಮಿಷ. ಆಪ್ ತೆರೆದರು, ಕನ್ಫರ್ಮ್ ಒತ್ತಿದರು, ಬಿತ್ತು. ಮತ್ತೆ ತೆರೆದರು, ಒತ್ತಿದರು, ಬಿತ್ತು. ಭಾಷೆಯನ್ನು ಹಿಂದಿಯಿಂದ ಇಂಗ್ಲಿಷಿಗೆ ಬದಲಿಸಿ ಒತ್ತಿದರು. ಫೋನ್ ಆಫ್ ಮಾಡಿ ಆನ್ ಮಾಡಿ ಒತ್ತಿದರು. ಕೊನೆಯದು ಐದು ಐವತ್ತೊಂದಕ್ಕೆ. ಒಬ್ಬ ಮುದುಕಿ ನಲವತ್ತೇಳು ನಿಮಿಷದಲ್ಲಿ ಹತ್ತೊಂಬತ್ತು ಸಲ ಬಾಗಿಲು ಬಡಿದದ್ದನ್ನು ಟೂಲ್ ಒಂದೊಂದಾಗಿ ಬರೆದಿಟ್ಟಿತ್ತು. ಕೆಳಗೆ, ಮ್ಯೂಟ್ ಮಾಡಿದವರು ಎಂಬಲ್ಲಿ ನನ್ನ ಹೆಸರಿತ್ತು. ಅಳು ಬರುವ ವಯಸ್ಸಲ್ಲ, ಬರೀ ಸುಸ್ತಾಯಿತು.

ಬಿದ್ದ ಸಾಲನ್ನೂ ಟೂಲ್ ತೋರಿಸಿತು. ಎರಡು ತಿಂಗಳ ಹಿಂದೆ ಯಾರಿಗೋ ಕನ್ಫರ್ಮ್ ಪುಟ ಚಂದ ಕಾಣಬೇಕು ಅನ್ನಿಸಿ, ರೋಗಿಯ ಹೆಸರಿನ ಮತ್ತು ಅಡ್ಡಹೆಸರಿನ ಮೊದಲ ಅಕ್ಷರಗಳನ್ನು ಒಂದು ಬಣ್ಣದ ವೃತ್ತದಲ್ಲಿ ತೋರಿಸಲು ಹೇಳಿದ್ದರು. ಪ್ರಾಜಕ್ತಾ ಬರೆದಿದ್ದಳು. ಹೆಸರಿನಲ್ಲಿರುವ ಚುಕ್ಕಿ, ಗೆರೆ ಎಲ್ಲ ತೆಗೆದು ಉಳಿದದ್ದರ ಮೊದಲ ಅಕ್ಷರ ಹಿಡಿಯುವುದು. ಅಡ್ಡಹೆಸರು ಖಾಲಿಯಿದ್ದರೆ ಮೊದಲ ಅಕ್ಷರ ಎಲ್ಲಿಂದ ಬರಬೇಕು? ಅಲ್ಲೇ ಬೀಳುತ್ತಿತ್ತು. “ಪಣ ಸರ್‌ನೇಮ್ ರಿಕಾಮಂ ಅಸೂಚ್ ಶಕತ್ ನಾಹೀ,” ಅಂದಳು ಅವಳು. ಅಡ್ಡಹೆಸರು ಖಾಲಿ ಇರಲು ಸಾಧ್ಯವೇ ಇಲ್ಲ, ಫಾರ್ಮ್ ಒಪ್ಪುವುದಿಲ್ಲ. ಅದೂ ಸರಿಯೇ ಇತ್ತು.

ಸಂಜೀವ ಅವರ ದಾಖಲೆ ತೆಗೆಸಿದೆ. ಹೆಸರು: ಸಂಜೀವ. ಅಡ್ಡಹೆಸರು: ಒಂದು ಚುಕ್ಕಿ. ಅದನ್ನು ಕೋಡ್ ತೆಗೆದುಹಾಕಿದರೆ ಉಳಿಯುವುದು ಖಾಲಿ.

ನೋಡುತ್ತಿದ್ದಂತೆಯೇ ನೆನಪಾಯಿತು. ಆ ಕೇಂದ್ರದಲ್ಲಿ ನಮ್ಮ ಸಾಫ್ಟ್‌ವೇರ್ ಹಾಕಿದ ಮೊದಲ ವಾರ ರಿಸೆಪ್ಷನ್‌ನಿಂದ ಫೋನ್ ಬಂದಿತ್ತು: ಈ ಮದ್ರಾಸಿಗಳಿಗೆ ಸರ್‌ನೇಮ್ ಇಲ್ಲ, ಫಾರ್ಮ್ ಮುಂದೆ ಹೋಗುತ್ತಿಲ್ಲ. ನಾನು ಇನ್ನಾವುದೋ ಬೆಂಕಿ ಆರಿಸುವುದರಲ್ಲಿದ್ದೆ. “ಡಾಟ್ ಡಾಲ್ ದೋ,” ಅಂದೆ. ಒಂದು ಚುಕ್ಕಿ ಹಾಕಿಬಿಡಿ ಎಂದು ಇಟ್ಟುಬಿಟ್ಟೆ. ಎಲ್ಲಿಯೂ ಬರೆದಿಡಲಿಲ್ಲ, ಯಾರಿಗೂ ಹೇಳಲಿಲ್ಲ. ನನ್ನ ಅಡ್ಡಹೆಸರು ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಮರಾಠಿಯಲ್ಲಿ ಕಾಂದಾ. ಶಾಲೆಯಲ್ಲಿ ಮಕ್ಕಳು ಕಾಂದಾ, ಕಾಂದಾ ಎಂದು ಕಾಡಿದರೂ ಯಾವ ಫಾರ್ಮೂ ನನ್ನನ್ನು ತಡೆದಿರಲಿಲ್ಲ. ಅಡ್ಡಹೆಸರಿಲ್ಲದವರ ಪಾಡು ನನಗೆ ಹೇಗೆ ಗೊತ್ತಾಗಬೇಕು? ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರಂತೆ, ಹಾಗಾಗಿತ್ತು ನನ್ನ ಬುದ್ಧಿ.

ಪ್ರಾಜಕ್ತಾ ಸಾರಿ, ಸಾರಿ ಅನ್ನುತ್ತಿದ್ದಳು. “ವೃತ್ತ ನಿಂದು, ಚುಕ್ಕಿ ನಂದು. ಬಿಡು,” ಅಂದೆ ಮರಾಠಿಯಲ್ಲಿ.

ಕೋಡ್ ಸರಿಮಾಡಲು ಅವಳಿಗೆ ಹತ್ತು ನಿಮಿಷ ಸಾಕಾಯಿತು. ಆದರೆ ತಿದ್ದಿದ ಆವೃತ್ತಿ ಆಪ್ ಸ್ಟೋರ್‌ನ ಪರಿಶೀಲನೆ ದಾಟಿ ಜನರ ಫೋನಿಗೆ ಸೇರಲು ಎರಡು ಮೂರು ದಿನ ಬೇಕು. ನಮ್ಮ ಬಳಿ ಇದ್ದದ್ದು ಆರು ಗಂಟೆಯವರೆಗೆ. ರೋಗಿಯ ದಾಖಲೆಗೆ ನಾವು ಕೈ ಹಾಕುವಂತಿಲ್ಲ, ಕೇಂದ್ರದವರೇ ತಿದ್ದಬೇಕು. ಅಲ್ಲಿಯ ಮೇಲ್ವಿಚಾರಕರು ಮೀಟಿಂಗ್‌ನಲ್ಲಿದ್ದರು. ಎರಡಕ್ಕೂ ಮೀಟಿಂಗ್, ನಾಲ್ಕಕ್ಕೂ ಮೀಟಿಂಗ್. ಐದು ಗಂಟೆಗೆ ಸಿಕ್ಕಿದರು. ಆಧಾರ್ ಕಾರ್ಡ್ ತೋರಿಸದೆ ಹೆಸರು ತಿದ್ದುವುದಿಲ್ಲ ಎಂದರು. ಗಿರಿಜಕ್ಕನಿಗೆ ಹೇಳಿದೆ. ಪಕ್ಕದ ಮನೆಯವರ ಕೈಯಲ್ಲಿ ಕಾರ್ಡಿನ ಫೋಟೊ ಕಳಿಸಿದರು. ಅದರಲ್ಲಿ ‘ಸಂಜೀವ ಕೆ’ ಎಂದಿತ್ತು. ಐದು ಮೂವತ್ತೆಂಟಕ್ಕೆ ಚುಕ್ಕಿಯ ಜಾಗದಲ್ಲಿ ‘ಕೆ’ ಬಂದು ಕೂತಿತು.

“ಈಗ ಒತ್ರಿ ಅಕ್ಕಾರ,” ಅಂದೆ.

“ಹಸಿರು ಬಂತು,” ಅಂದರು. ಆಮೇಲೆ, “ಹೌದಾ, ನಿಜವಾ? ನಾಳೆ ಹೋದ್ರೆ ವಾಪಸ್ ಕಳಿಸುದಿಲ್ಲ ಅಲ್ಲ?” ಎಂದು ಕೇಳಿದರು. ಬುಧವಾರ ಸಂಜೀವ ಅವರಿಗೆ ಡಯಾಲಿಸಿಸ್ ಆಯಿತು. ರಾತ್ರಿ ಮಲಗಿ ನಿದ್ದೆ ಮಾಡಿದರಂತೆ.

ಅಲ್ಲಿಗೆ ಮುಗಿಸಿದ್ದರೆ ಈ ಕಥೆಯನ್ನು ಬೀಳ್ಕೊಡುಗೆಯ ದಿನವೇ ಹೇಳುತ್ತಿದ್ದೆ. ಏಳು ಜನರಲ್ಲಿ ಇನ್ನೂ ಆರು ಮಂದಿ ಉಳಿದಿದ್ದರು. ಚುಕ್ಕಿ ಇದ್ದ ದಾಖಲೆಗಳನ್ನು ಕೇಂದ್ರದವರಿಂದ ಹುಡುಕಿಸಿ ಗುರುವಾರ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಐವರು ಹೇಗೋ ದಾರಿ ಮಾಡಿಕೊಂಡಿದ್ದರು. ಬೆಳಿಗ್ಗೆ ಆರಕ್ಕೇ ಹೋಗಿ ಕೂರುವುದು, ಸಿಕ್ಕರೆ ಸಿಕ್ಕಿತು. ಆರನೆಯವರು ಆಂಟಾಪ್ ಹಿಲ್‌ನ ಸೆಲ್ವಿ ಎಂಬ ತಮಿಳು ಹೆಂಗಸು. ಅವರ ಫೋನಿನ ಕ್ರ್ಯಾಶ್‌ಗಳು ಐದು ವಾರದ ಹಿಂದೆಯೇ ನಿಂತಿದ್ದವು. ಟೂಲ್‌ನ ನಕ್ಷೆಯಲ್ಲಿ ಅಲ್ಲಿಂದ ಗೆರೆ ಇಳಿದಿತ್ತು. ಗೆರೆ ಇಳಿದರೆ ನಮ್ಮ ವೃತ್ತಿಯಲ್ಲಿ ಸಂತೋಷಪಡುತ್ತೇವೆ.

ಮಗಳು ಫೋನ್ ಎತ್ತಿದಳು. ಆಪ್ ಈಗ ನಡೆಯುತ್ತದೆ ಎಂದೆ. ಅಳಿಸಿ ಹಾಕಿದ್ದೇವೆ ಎಂದಳು. ಅಮ್ಮ ಈಗ ಡಯಾಲಿಸಿಸ್‌ಗೆ ದೂರದ ಬೋರಿವಲಿಗೆ ಹೋಗುತ್ತಾರೆ, ದಾದರ್‌ನಲ್ಲಿ ಗಾಡಿ ಬದಲಿಸಿ, ವಾರಕ್ಕೆ ಮೂರು ದಿನ. ಬರುವಾಗ ತಲೆ ತಿರುಗುತ್ತದೆ. ದೂರು ಏಕೆ ಕೊಡಲಿಲ್ಲ ಎಂದು ಕೇಳಿದೆ. “ಹಮ್‌ಕೋ ಲಗಾ ಹಮಾರಾ ನಾಮ್ ಕಾಟ್ ದಿಯಾ,” ಅಂದಳು. ನಮ್ಮ ಹೆಸರು ಹೊಡೆದುಹಾಕಿದ್ದಾರೆ ಅಂದುಕೊಂಡೆವು. ಸಿಟ್ಟಿನಿಂದ ಹೇಳಲಿಲ್ಲ. ಹಾಗೆ ಆಗುವುದುಂಟು ಎಂಬಂತೆ ಹೇಳಿದಳು.

ಅವರ ಸರದಿ ವಾಪಸ್ ಕೊಡಿಸಲು ಕೇಂದ್ರಕ್ಕೇ ಹೋದೆ. ಆ ಜಾಗದಲ್ಲಿ ಈಗ ಇನ್ನೊಬ್ಬ ರೋಗಿ ಇದ್ದಾರೆ, ಅವರನ್ನು ಎಬ್ಬಿಸಲೇ ಎಂದು ಕೇಳಿದರು. ಸೆಲ್ವಿಯವರ ಹೆಸರು ಕಾಯುವವರ ಪಟ್ಟಿಯ ಕೊನೆಗೆ ಸೇರಿತು.

ಆಮೇಲೆ ಸೋಮವಾರದ ಪದ್ಧತಿ ಬದಲಿಸಿದೆ. ಮ್ಯೂಟ್ ಮಾಡಿದ್ದನ್ನು ಮೊದಲು ಓದುವುದು, ಒಬ್ಬರಿಗೇ ಹತ್ತು ಸಲ ಬಿದ್ದಿದ್ದರೆ ಅದು ಮೇಲಕ್ಕೆ ಬರಬೇಕು. ಕ್ರ್ಯಾಶ್ ನಿಂತಿದ್ದರೆ ಆ ಫೋನ್ ಇನ್ನೂ ಆಪ್ ತೆರೆಯುತ್ತಿದೆಯೇ ಎಂದು ನೋಡಬೇಕು. ದೋಷ ಹೋದರೂ ಗೆರೆ ಇಳಿಯುತ್ತದೆ, ಮನುಷ್ಯ ಸೋತು ಹೋದರೂ ಇಳಿಯುತ್ತದೆ. ಎರಡಕ್ಕೂ ಟೂಲ್ ಬಳಿ ಇರುವುದು ಒಂದೇ ಗೆರೆ. ಇಪ್ಪತ್ತೊಂಬತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ತಡವಾಗಿ.

ಪಟ್ಟಿಗೆ ಹೆಸರು ಸೇರಿಸಲು ಹೊಸ ಫಾರ್ಮ್ ತುಂಬಬೇಕಿತ್ತು. ಸರ್‌ನೇಮ್ ಎಂಬಲ್ಲಿ ಈ ಸಲ ಏನು ಬರೆಯಲಿ ಎಂದು ಸೆಲ್ವಿಯವರ ಮಗಳು ಫೋನ್ ಮಾಡಿ ಕೇಳಿದಳು. ಏನೂ ಬರೆಯಬೇಡಮ್ಮ, ಖಾಲಿ ಬಿಡು, ಈಗ ಫಾರ್ಮ್ ಒಪ್ಪುತ್ತದೆ, ನಾನೇ ಮಾಡಿಸಿದ್ದೇನೆ ಎಂದೆ. ಹಾಂ ಎಂದಳು. ಮರುದಿನ ದಾಖಲೆ ತೆರೆದು ನೋಡಿದೆ. ನನ್ನ ಮಾತನ್ನು ಅವಳು ನಂಬಿರಲಿಲ್ಲ. ಆ ಜಾಗದಲ್ಲಿ ತನ್ನ ಅಪ್ಪನ ಹೆಸರನ್ನು ಬರೆದಿದ್ದಳು.