ಗುಬ್ಬಿಗೂಡಿಗೆ ಕೆಮ್ಮುವ ಕಾಕಾ

"ಪಾಪ, ಮಹಾಂತಪ್ಪ ಕಾಕಾ ವರ್ಷವಿಡೀ ಖಾಲಿ ಡಬ್ಬಿ ಕಾಯ್ದರು" ಎಂದು ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗಲೂ ಹೇಳುತ್ತಾರೆ. ಹೇಳಿ ನಗುತ್ತಾರೆ. ಈ ಮಾತಿನಲ್ಲಿ 'ಪಾಪ' ಎಂಬುದೂ ತಪ್ಪು, 'ಖಾಲಿ' ಎಂಬುದೂ ತಪ್ಪು. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎಂದು ಕೇಳಿದರೆ, ಆ ಕತೆ ಹುಟ್ಟಿಸಿದವಳೇ ನಾನು.

ಗುಬ್ಬಿಯ ಗೂಡಿಗೆ ಇಣುಕುವ ಮೊದಲು ಕಾಕಾ ಕೆಮ್ಮುತ್ತಿದ್ದರು. ನೆಗಡಿಯಲ್ಲ, ಮರ್ಯಾದೆ. ಏಣಿ ಹತ್ತಿ, ಗೋಡೆಗೆ ಹೊಡೆದ ಮರದ ಡಬ್ಬಿಯನ್ನು ಬೆರಳಿನಿಂದ ಎರಡು ಸಲ ತಟ್ಟಿ, ಪರರ ಪಡಸಾಲೆಗೆ ಕಾಲಿಡುವವರಂತೆ ಗಂಟಲು ಸರಿಮಾಡಿಕೊಂಡು, ತಾಯಿಗುಬ್ಬಿ ಒಳಗಿದ್ದರೆ ಹಾರಿಹೋಗಲೆಂದು ಕಾಯುವರು. ಮುಚ್ಚಳ ಎತ್ತಿ, ಕೋಲಿನ ತುದಿಗೆ ಕಟ್ಟಿದ ಕ್ಷೌರದ ಕನ್ನಡಿ ಹಿಡಿಯುವುದು ಆಮೇಲೆ.

"ಗುಬ್ಬಿಗೆ ಕೆಮ್ಮು ತಿಳಿತೈತಿ ಅನ್ನೂದಕ್ಕ ಆಧಾರ ಏನ್ರಿ?" ಕೆಳಗೆ ಏಣಿ ಹಿಡಿದು ನಿಂತ ನಾನು ಕೇಳಿದೆ.

"ಅದಕ್ಕ ತಿಳೀಲಿ ಬಿಡ್ಲಿ, ಇದು ಇನ್ನೊಬ್ಬರ ಮನಿ ಅಂತ ನನಗ ತಿಳೀಬೇಕಲ್ಲ, ವಕೀಲ್‌ಬಾಯಿ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಪ್ ಗೆಲ್ಲುತ್ತಿದ್ದ ಕಾಲ ಅದು. 'ವಕೀಲ್‌ಬಾಯಿ' ಎಂದಾಗ ಅವರು ನನಗೆ ಗೌರವ ಕೊಟ್ಟರೋ ಅಥವಾ ನನ್ನ ಬಾಯಿಯನ್ನಷ್ಟೇ ಕರೆದರೋ ಎಂಬುದು ಕೊನೆವರೆಗೂ ಇತ್ಯರ್ಥವಾಗಲಿಲ್ಲ.

ಕಲಬುರಗಿಯಿಂದ ಬಂದು ಹಿಮಾಯತ್‌ನಗರದ ಸೀರೆ ಅಂಗಡಿಯಲ್ಲಿ ದುಡಿಯುತ್ತಿದ್ದ ಕಾಕಾ ಈ ಊರಿನಲ್ಲಿ ಹನ್ನೊಂದು ಬಾಡಿಗೆ ಮನೆ ಬದಲಿಸಿದ್ದರು. ಹಾಗಾಗಿ ಅವರ ಲೋಕದಲ್ಲಿ ಹಕ್ಕಿಗಳೂ ಬಾಡಿಗೆದಾರರೇ. ಮೈನಾವೊಂದು ಗುಬ್ಬಿಯ ಡಬ್ಬಿಗೆ ನುಗ್ಗಲು ನೋಡಿದರೆ, "ನೋಡು, ಕಬ್ಜಾ ಮಾಡಾಕತ್ತೈತಿ! ಹೈಟೆಕ್ ಸಿಟಿ ಗಾಳಿ ಇದಕ್ಕೂ ಬಡದೈತಿ" ಎಂದು ಕೋಲು ಎತ್ತುವರು.

ಪ್ರತಿ ಭಾನುವಾರ ನಾವು ನಾಲ್ವರು ಸ್ವಯಂಸೇವಕರು ಹನ್ನೆರಡು ಡಬ್ಬಿ ನೋಡುತ್ತಿದ್ದೆವು. ನೋಟ್‌ಬುಕ್ಕಿನಲ್ಲಿ ಬರೆಯುವವರು ಕಾಕಾ, ಅದೂ ಕನ್ನಡದಲ್ಲಿ; ಏಣಿ ಹತ್ತಿ ಇಣುಕುವವರೂ ಅವರೊಬ್ಬರೇ, ಕೆಳಗಿದ್ದ ನಮಗೆ ಒಳಗಿನದು ಕಾಣುತ್ತಿರಲಿಲ್ಲ. ಒಂದು ದಿನ ಅಪಾರ್ಟ್‌ಮೆಂಟಿನ ಸೆಕ್ರೆಟರಿಯವರ ಹೊಸ ಕಾರಿನ ಮೇಲೆ ಹಕ್ಕಿಯ ಹಿಕ್ಕೆ ಬಿತ್ತು. ಡಬ್ಬಿ ಇರಬೇಕೋ ಕೀಳಬೇಕೋ ಎಂದು ಸಭೆ ಕರೆದರು. ಕಾಕಾ ನೋಟ್‌ಬುಕ್ಕನ್ನು ನನ್ನ ಕೈಗಿತ್ತು, "ನಮ್ಮ ಕಡೆಯಿಂದ ನೀನ ಮಾತಾಡು" ಎಂದರು.

ಅಮೀರ್‌ಪೇಟಿನಲ್ಲಿ ಆಗಷ್ಟೇ ಕಂಪ್ಯೂಟರ್ ಕಲಿಯುತ್ತಿದ್ದ ನನಗೆ ಕತೆ ಬೇಕಿರಲಿಲ್ಲ, ಫಲಿತಾಂಶ ಬೇಕಿತ್ತು. ಕೊನೆಯ ಪುಟ ಮಾತ್ರ ನೋಡಿದೆ. ಒಂಬತ್ತು ಡಬ್ಬಿಗಳ ಮುಂದೆ 'ಖಾಲಿ', ಮೂರರ ಮುಂದೆ 'ಯಾರೂ ಬಂದಿಲ್ಲ'. ಹನ್ನೆರಡಕ್ಕೆ ಹನ್ನೆರಡೂ ಸೊನ್ನೆ! ಸಾಕ್ಷ್ಯ ಎತ್ತ ತೋರಿಸುತ್ತದೋ ಅತ್ತಲೇ ನಡೆಯಬೇಕೆಂಬುದು ನನ್ನ ಹಟ. ಸಭೆಯಲ್ಲಿ ಪಕ್ಷ ಬದಲಿಸಿಬಿಟ್ಟೆ. ಒಂದು ಹಕ್ಕಿಯೂ ಬಾರದ ಡಬ್ಬಿ ನಮ್ಮ ಸಮಾಧಾನಕ್ಕಷ್ಟೇ ಎಂದು ತೆಲುಗಿನಲ್ಲಿ ಭಾಷಣ ಬಿಗಿದೆ. ಚಪ್ಪಾಳೆ ಬಿತ್ತು. ದಿನವಿಡೀ ತೆಲುಗಿನಲ್ಲೇ ಸೀರೆ ಮಾರುವ ಕಾಕಾನಿಗೆ ಒಂದು ಮಾತೂ ತಪ್ಪಿರಲಾರದು. ಹೊರಗೆ ಬಂದು, "ಭಾಳ ಛಲೋ ಮಾತಾಡಿದಿ" ಎಂದರು. ಮರುದಿನ ಡಬ್ಬಿಗಳು ಕೆಳಗಿಳಿದವು.

ನೋಟ್‌ಬುಕ್ ಹಿಂದಿರುಗಿಸಲು ಹೋದಾಗ ಸುಮ್ಮನೆ ಹಿಂದಿನ ಪುಟ ತಿರುವಿದೆ. 'ಮೂರನೇ ಮನಿ: ತತ್ತಿ ನಾಕು.' ಮುಂದಿನ ಪುಟದಲ್ಲಿ 'ಮರಿ ನಾಕು.' ಆಮೇಲೆ 'ರೆಕ್ಕಿ ಬಲತಾವ.' ಆಮೇಲೆ 'ಖಾಲಿ.'

"ಕಾಕಾ, ಖಾಲಿ ಅಂದ್ರೇನ್ರಿ?"

"ಮನಿ ಖಾಲಿ ಮಾಡಿ ಹೋದ್ರು ಅಂತ. ಮರಿ ಹಾರಿದ್ವು. ಗುಬ್ಬಿ ಬಾರದ ಮನಿಗೆ 'ಯಾರೂ ಬಂದಿಲ್ಲ' ಅಂತ ಬರದೀನಲ್ಲ."

ಒಂದೇ ಸೊನ್ನೆಗೆ ಎರಡು ಮಾತು ಯಾಕೆ ಎಂದು ಎದುರಾಳಿಯನ್ನಾಗಿದ್ದರೆ ಹಿಡಿದು ಜಾಡಿಸುತ್ತಿದ್ದೆ. ನನ್ನನ್ನು ನಾನು ಕೇಳಿಕೊಂಡಿರಲೇ ಇಲ್ಲ. ಸೆಕ್ರೆಟರಿಯವರ ಬಳಿ ಓಡಿದೆ. "ನುವ್ವೇ ಕದಮ್ಮಾ ಚೆಪ್ಪಿಂದಿ?" ಎಂದು, ಹೇಳಿದವಳು ನೀನೇ ತಾನೇ ಎಂದು, ನಕ್ಕು ಬಾಗಿಲು ಹಾಕಿಕೊಂಡರು. ನನ್ನ ವಾದವನ್ನು ಸೋಲಿಸುವುದು ನನ್ನಿಂದಲೇ ಆಗಲಿಲ್ಲ.

ಆ ತಿಂಗಳ ಕೊನೆಗೆ ಕಾಕಾ ಅಂಗಡಿಯ ಹತ್ತಿರ ಮನೆ ಹಿಡಿದು ಹೊರಟರು. ಟ್ರಾಲಿ ಆಟೋಕ್ಕೆ ಹಾಸಿಗೆಗಿಂತ ಮೊದಲು ಹನ್ನೆರಡು ಡಬ್ಬಿ ಏರಿದ್ದವು. ಹಗ್ಗದ ತುದಿ ನನ್ನ ಕೈಗೆ ಕೊಟ್ಟು, "ಜಗ್ಗಿ ಹಿಡಿ" ಎಂದು ಗಂಟು ಹಾಕತೊಡಗಿದರು. ಜಗ್ಗಿ ಹಿಡಿದುಕೊಂಡೇ ಕೇಳಿದೆ:

"ಕಾಕಾ, ನಾ ತಪ್ಪು ಹೇಳಾಕತ್ತೀನಿ ಅಂತ ಅವತ್ತ ನಿಮಗ ಗೊತ್ತಿತ್ತು. ಒಂದ ಮಾತು ಸಾಕಿತ್ತು. ನೀವ್ಯಾಕ ಎದ್ದು ನಿಲ್ಲಲಿಲ್ರಿ?"

"ಮಾತು ನಿನ್ನ ಕೈಗೆ ಕೊಟ್ಟ ಮ್ಯಾಲ ಅದು ನಿನ್ನ ಮನಿ; ನಡುವ ನುಗ್ಗಿದ್ರ ಕಬ್ಜಾ ಆಗ್ತೈತಲ್ಲ, ವಕೀಲ್‌ಬಾಯಿ" ಎಂದು ಕಾಕಾ ಗಂಟು ಬಿಗಿದರು.