ಪೂರ್ತಿ ಅಕ್ಕನ ಆಸ್ತಿ ವಿವರ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳಾದ್ದರಿಂದ ಮಾತುಗಳೂ ಕಡಿಮೆ. ಓದುವವರು ದಯವಿಟ್ಟು ಕ್ಷಮಿಸಬೇಕು. ದೊಡ್ಡಮ್ಮನ ವಿಷಯದಲ್ಲಿ ತಪ್ಪಾಗಬಾರದೆಂದು ಪ್ರತಿ ಸಾಲನ್ನೂ ಮೊದಲು ಬೇರೆ ಹಾಳೆಯಲ್ಲಿ ಬರೆದು ನೋಡಿದ್ದೇನೆ.

ದೊಡ್ಡಮ್ಮ ಸರ್ಕಾರದ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ಎರಡನೇ ಮಹಡಿಯಲ್ಲಿ ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ಮೇಜು ಅವರದು. ಅವರ ಬೆನ್ನ ಹಿಂದಿನ ಕಬ್ಬಿಣದ ಬೀರುವಿನಲ್ಲಿ ನೂರಾ ನಲವತ್ತು ಜನರ ಸೇವಾ ಪುಸ್ತಕಗಳಿವೆ. ಯಾರು ಯಾವ ದಿನ ಕೆಲಸಕ್ಕೆ ಸೇರಿದರು, ಯಾರಿಗೆ ಎಷ್ಟು ರಜೆ ಉಳಿದಿದೆ, ಯಾರಿಗೆ ಯಾವಾಗ ಶಿಕ್ಷೆಯಾಯಿತು, ಎಲ್ಲವೂ ಅದರೊಳಗೆ. ಇದಲ್ಲದೆ ನೌಕರರು ವರ್ಷಕ್ಕೊಮ್ಮೆ ತಮ್ಮ ಹಾಗೂ ಮನೆಯವರ ಹೆಸರಿನಲ್ಲಿರುವ ಮನೆ, ಜಾಗ, ವಾಹನಗಳ ವಿವರ ಬರೆದು ಕೊಡಬೇಕು. ಮನೆ, ಜಾಗ ಕೊಳ್ಳುವ ಮೊದಲು, ಮಾರುವ ಮೊದಲು ಕಚೇರಿಗೆ ತಿಳಿಸಬೇಕು. ಆ ಹಾಳೆಗಳನ್ನು ಪರಿಶೀಲಿಸಿ ತೆಗೆದುಕೊಳ್ಳುವ ಕೆಲಸವೂ ದೊಡ್ಡಮ್ಮನದೇ.

ಮುಕ್ಕಾಲು ಪಾಲು ಜನ ಒಂದೇ ಸಾಲು ಗೀಚಿ ಕೊಡುತ್ತಿದ್ದರು: ‘ಹಿಂದಿನ ವರ್ಷದಂತೆ, ಬದಲಾವಣೆ ಇಲ್ಲ.’ ದೊಡ್ಡಮ್ಮ ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ‘ಪೂರ್ತಿ ಬರೆಯಿರಿ’ ಎಂದು ಬರೆದು ವಾಪಸ್ಸು ಕಳಿಸುತ್ತಿದ್ದರು. ಹೀಗಾಗಿ ಕಚೇರಿಯಲ್ಲಿ ಅವರ ಹೆಸರೇ ಪೂರ್ತಿ ಅಕ್ಕ ಎಂದಾಯಿತು. ಒಮ್ಮೆ ದೊಡ್ಡ ಸಾಹೇಬರ ಹಾಳೆಯೂ ಎರಡು ಸಲ ವಾಪಸ್ಸು ಹೋಗಿತ್ತು.

ಜೀಪಿನ ಡ್ರೈವರ್ ಛೇಡಿಸುತ್ತಿದ್ದ: “ಪೂರ್ತಿ ಅಕ್ಕಾ, ನಮ್ಮತ್ತೆ ಮನೆ ಮೇಕೇನೂ ಬರೀಲಾ?”

“ಮೇಕೆ ನಿನ್ನ ದುಡ್ಡಲ್ಲಿ ಬಂದಿದ್ರೆ ಬರಿ. ಇಲ್ದಿದ್ರೆ ಅದನ್ನ ಅದರ ಪಾಡಿಗೆ ಮೇಯೋಕೆ ಬಿಡು.”

ಈ ವರ್ಷ ಸೂಪರಿಂಟೆಂಡೆಂಟ್ ನಿವೃತ್ತರಾಗುವವರಿದ್ದರು. ಹಿರಿತನದ ಪಟ್ಟಿಯಲ್ಲಿ ದೊಡ್ಡಮ್ಮನ ಹೆಸರೇ ಮೊದಲು. ಗಾಜಿನ ಬಾಗಿಲಿನ ಆ ಸಣ್ಣ ಕೋಣೆಗಾಗಿ ಅವರು ಹದಿನೆಂಟು ವರ್ಷ ಕಾದಿದ್ದರು. ಬಾಯಿ ಬಿಟ್ಟು ಹೇಳಿದವರಲ್ಲ. ಆದರೂ ಆ ಕೋಣೆಯ ಕಿಟಕಿಗೆ ಯಾವ ಬಣ್ಣದ ಪರದೆ ಒಪ್ಪುತ್ತದೆ ಎಂದು ನನ್ನನ್ನು ಎರಡು ಸಲ ಕೇಳಿದ್ದರು. ಆದೇಶಕ್ಕೆ ಇನ್ನು ಮೂರು ವಾರವಷ್ಟೇ ಇತ್ತು.

ಅಷ್ಟರಲ್ಲಿ ಮನೆಗೆ ಒಂದು ಕಂದಾಯದ ಚೀಟಿ ಬಂತು. ದೊಡ್ಡಪ್ಪ ಬಡಗಿ. ಎರಡು ಬೀದಿ ಆಚೆ ಅವರ ತಗಡಿನ ಸೂರಿನ ಅಂಗಡಿ. ನಾನು ಅಲ್ಲೇ ಬಾಗಿಲು, ಕಿಟಕಿಗಳಿಗೆ ಪಾಲಿಷ್ ಹಾಕುತ್ತೇನೆ. ಅದು ಬಾಡಿಗೆಯದು ಎಂದೇ ನಾವೆಲ್ಲ ತಿಳಿದಿದ್ದೆವು. ಚೀಟಿ ಪ್ರತಿ ವರ್ಷ ಅಂಗಡಿಗೇ ಹೋಗುತ್ತಿತ್ತಂತೆ. ಈ ಸಲ ನಾವಿಬ್ಬರೂ ಬೇರೆ ಊರಿನಲ್ಲಿ ಬಾಗಿಲು ಕೂರಿಸಲು ಹೋಗಿದ್ದರಿಂದ ಅಂಗಡಿ ಮುಚ್ಚಿತ್ತು. ಅಂಚೆಯವನು ಮನೆ ಹುಡುಕಿಕೊಂಡು ಬಂದು ದೊಡ್ಡಮ್ಮನ ಕೈಗೇ ಕೊಟ್ಟಿದ್ದ.

“ರೀ, ಇದೇನು?” ಎಂದು ಅಂದು ಸಂಜೆ ನಾವು ಮರಳಿದ ಕೂಡಲೇ ದೊಡ್ಡಮ್ಮ ಕೇಳಿದರು.

ದೊಡ್ಡಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಕಂದಾಯದ ಚೀಟಿ ಕಣೇ.”

“ಓದೋಕೆ ನಂಗೂ ಬರುತ್ತೆ. ಬಾಡಿಗೆ ಅಂಗಡಿಗೆ ನಿಮ್ಮ ಹೆಸರಲ್ಲಿ ಯಾಕೆ ಬಂತು?”

“ಬಾಡಿಗೆ ಇತ್ತು. ಆಮೇಲೆ ಮಾಲೀಕ ಮಾರಿಬಿಟ್ಟ.”

“ಯಾರಿಗೆ?”

ದೊಡ್ಡಪ್ಪ ಗೋಡೆ ನೋಡುತ್ತ, “ನಂಗೆ” ಎಂದರು.

ಒಂಬತ್ತು ವರ್ಷದ ಹಿಂದಿನ ಮಾತು. ಮಾಲೀಕ ಊರು ಬಿಡುವ ಅವಸರದಲ್ಲಿದ್ದ, ಒಂದೇ ವಾರ ಗಡುವು ಕೊಟ್ಟಿದ್ದ. “ನಿಂಗೆ ಹೇಳಿದ್ರೆ ಅರ್ಜಿ ಅಂತೀಯ, ಒಪ್ಪಿಗೆ ಅಂತೀಯ, ಅಷ್ಟರಲ್ಲಿ ಜಾಗ ಕೈಬಿಟ್ಟು ಹೋಗುತ್ತೆ. ಆಮೇಲೆ ಹೇಳೋಣ ಅಂದ್ಕೊಂಡೆ. ದಿನ ಕಳೆದಷ್ಟೂ ಬಾಯೇ ಬರ್ಲಿಲ್ಲ. ನಾನು ಮರ ಕೊಯ್ದು ದುಡಿದ ದುಡ್ಡು ಕಣೇ, ಕದ್ದಿದ್ದಲ್ಲ.”

“ಕದ್ದಿದ್ದು ಅಂತ ನಾನೆಲ್ಲಿ ಅಂದೆ?”

“ಹಾಗಾದ್ರೆ ಒಂದು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿರು. ಆ ಕುರ್ಚಿ ಮೇಲೆ ಕೂತ್ಕೋ. ಆಮೇಲೆ ಏನು ಬೇಕಾದ್ರೂ ಬರ್ಕೊಡು.”

ದೊಡ್ಡಮ್ಮ ಬಹಳ ಹೊತ್ತು ಆ ಚೀಟಿಯನ್ನು ಮಡಿಸುತ್ತ ಬಿಚ್ಚುತ್ತ ಕುಳಿತಿದ್ದರು. ಗಾಜಿನ ಬಾಗಿಲಿನ ಕೋಣೆ ಅವರ ಕಣ್ಣೆದುರು ಬಂದು ನಿಂತಿರಬೇಕು. ಕೊನೆಗೆ ಹೇಳಿದರು: “ಇಷ್ಟೇ ಇರೋದು ಅಂತ ಒಂಬತ್ತು ಸಲ ಸಹಿ ಹಾಕಿದೀನಿ. ಅದು ಗೊತ್ತಿಲ್ದೆ ಹಾಕಿದ್ದು. ಪ್ರಮೋಷನ್ ಕಾಗದದ ಜೊತೆ ನಾಡಿದ್ದು ಹತ್ತನೇದು ಕೊಡ್ಬೇಕು. ಅದಕ್ಕೆ ಗೊತ್ತಿದ್ದೂ ಸಹಿ ಹಾಕ್ಲಾ?”

ದೊಡ್ಡಪ್ಪ ಎದ್ದು ಹೋಗಿ ಕ್ರಯಪತ್ರ ತಂದು ಅವರ ಮುಂದಿಟ್ಟರು.

ಮರುದಿನ ದೊಡ್ಡಮ್ಮ ಅಂಗಡಿಯ ವಿಷಯ ಪೂರ್ತಿ ಬರೆದ ಕಾಗದವನ್ನು ಸಾಹೇಬರ ಕೋಣೆಗೆ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟರಂತೆ. ಸಾಹೇಬರು ಓದಿ ಮುಗಿಸಿ, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಇದನ್ನ ಮುಂದಿನ ತಿಂಗಳು ಕೊಟ್ಟಿದ್ರೆ ಆಗ್ತಿರಲಿಲ್ವೇನಮ್ಮ?”

“ನಂಗೆ ಗೊತ್ತಾಗಿದ್ದು ನಿನ್ನೆ ಸರ್. ಅದಕ್ಕೇ ಇವತ್ತು ತಂದೆ.”

“ವಿಚಾರಣೆ ಆಗುತ್ತೆ. ನಿಮ್ಮ ಹೆಸರು ಪಟ್ಟಿಯಲ್ಲಿ ಕೆಳಗಿಳಿಯುತ್ತೆ.”

“ಗೊತ್ತು ಸರ್. ಆ ನಿಯಮದ ಸುತ್ತೋಲೆ ಬೆರಳಚ್ಚು ಮಾಡಿದ್ದೇ ನಾನು.”

ವಿಚಾರಣೆಗೆ ಮೇಲಿನ ಕಚೇರಿಯಿಂದ ಇಬ್ಬರು ಅಧಿಕಾರಿಗಳು ಬಂದರು. ದೊಡ್ಡಪ್ಪನನ್ನೂ ಕರೆಸಿದ್ದರು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಯಾರ ಮನೆಗೆ ಎಷ್ಟು ಬಾಗಿಲು, ಎಷ್ಟು ಮಂಚ ಮಾಡಿಕೊಟ್ಟೆ ಎಂಬ ಹಳೆಯ ಪುಸ್ತಕಗಳನ್ನು ಚೀಲದಲ್ಲಿ ಹೊತ್ತುಕೊಂಡು ಹೋದರು. ಆ ಪುಸ್ತಕಗಳಿಂದ ದುಡ್ಡು ಎಲ್ಲಿಂದ ಬಂತೆಂಬುದು ನೆಟ್ಟಗೆ ಸಾಬೀತಾಯಿತು.

“ಎಲ್ಲ ಸರಿ. ಹೆಂಡತಿಗೆ ಯಾಕೆ ಹೇಳಲಿಲ್ಲ?” ಎಂದು ಅಧಿಕಾರಿ ಕೇಳಿದರು.

“ಹೇಳಿದ್ರೆ ನಮೂನೆ ಕೊಟ್ಟು ಪೂರ್ತಿ ಬರೀರಿ ಅಂತಾಳೆ, ಸಾರ್!”

ಟೀ ತಂದವನೂ ಸೇರಿ ಕೋಣೆಯಲ್ಲಿದ್ದವರೆಲ್ಲ ನಕ್ಕುಬಿಟ್ಟರು. ದೊಡ್ಡಮ್ಮ ಮಾತ್ರ ನಗಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆದೇಶ ಬಂದಾಗ ನಗು ಇರಲಿಲ್ಲ. ಆಸ್ತಿ ನ್ಯಾಯವಾದದ್ದೇ, ಆದರೆ ತಿಳಿಸುವುದು ತಡವಾದ್ದಕ್ಕೆ ವಾಗ್ದಂಡನೆ, ಅಂದರೆ ‘ನಿಮ್ಮದು ತಪ್ಪು’ ಎಂದು ಬರಹದಲ್ಲಿ ಕೊಡುವ ಶಿಕ್ಷೆ. ಈ ಸಲದ ಬಡ್ತಿ ಇಲ್ಲ. ಸೂಪರಿಂಟೆಂಡೆಂಟ್ ಕುರ್ಚಿ ದೊಡ್ಡಮ್ಮನ ಪಕ್ಕದ ಮೇಜಿನವಳಿಗೆ ಹೋಯಿತು. ಅವಳು ಕೆಲಸಕ್ಕೆ ಸೇರಿದ ದಿನ ಕಡತ ಕಟ್ಟುವುದನ್ನು ಕಲಿಸಿದವರು ದೊಡ್ಡಮ್ಮನೇ.

ದೊಡ್ಡಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. “ನನ್ನಿಂದ ನಿನ್ನ ಕುರ್ಚಿ ಹೋಯ್ತು” ಎಂದರು.

“ಕುರ್ಚಿ ಹೋಯ್ತು. ಮೇಜು ಇದೆಯಲ್ಲ, ಉಣ್ಣಿ” ಎಂದು ದೊಡ್ಡಮ್ಮ ಅನ್ನ ಬಡಿಸಿದರು.

ಮೂರನೇ ದಿನ ಪಂಪಿನ ಮೆಕ್ಯಾನಿಕ್ ಮೇಜಿನ ಬಳಿ ಬಂದು ತಲೆ ಕೆರೆಯುತ್ತ ನಿಂತ. ಹೆಂಡತಿ ಹೆಸರಿನಲ್ಲಿ ಒಂದು ನಿವೇಶನವಿದೆ, ನಾಲ್ಕು ವರ್ಷದಿಂದ ಬರೆದಿಲ್ಲ, ಈಗ ಹೇಗೆ ಬರೆಯಬೇಕು ಎಂದು ಕೇಳಿದ. ದೊಡ್ಡಮ್ಮ ಹೊಸ ನಮೂನೆ ಕೊಟ್ಟು, ಕುರ್ಚಿ ಎಳೆದು ಕೂರಿಸಿದರು.

ಇನ್ನು ಒಂದು ಕೆಲಸ ಉಳಿದಿತ್ತು. ಶಿಕ್ಷೆಯನ್ನು ಸೇವಾ ಪುಸ್ತಕದಲ್ಲಿ ನಮೂದಿಸಬೇಕು. ಅಂಥ ನಮೂದುಗಳನ್ನೆಲ್ಲ ಬರೆಯುವವರು ದೊಡ್ಡಮ್ಮನೇ. ಆದರೆ ತಮ್ಮ ಪುಸ್ತಕದಲ್ಲಿ ತಾವೇ ಬರೆಯುವಂತಿಲ್ಲ. ಅವರೇ ಬೀರು ತೆಗೆದು, ತಮ್ಮ ಪುಸ್ತಕ ಹುಡುಕಿ, ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದರು.

ಹೊಸ ಸೂಪರಿಂಟೆಂಡೆಂಟ್ ಎದ್ದು ನಿಂತಳು. “ಅಕ್ಕಾ, ನಂಗೆ ಕೈ ಬರ್ತಿಲ್ಲ. ಸಣ್ಣದಾಗಿ ಒಂದು ಮೂಲೇಲಿ ಬರೆದುಬಿಡ್ಲಾ?”

“ಕೂತ್ಕೊಳ್ಳಿ ಮೇಡಂ” ಎಂದರು ದೊಡ್ಡಮ್ಮ. ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. “ಕೆಂಪು ಇಂಕು ತಗೊಳ್ಳಿ. ಆದೇಶದ ಸಂಖ್ಯೆ, ದಿನಾಂಕ, ಕಾರಣ, ಎಲ್ಲಾ ಪೂರ್ತಿ ಬರೀರಿ. ನಾನು ಹೇಳ್ತೀನಿ.”

ಅವರು ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು. ಮೂವತ್ತು ವರ್ಷದ ಆ ಪುಸ್ತಕದಲ್ಲಿ ಕೆಂಪು ಸಾಲು ಅದೊಂದೇ. ದೊಡ್ಡಮ್ಮ ಅದನ್ನು ಮೊದಲಿಂದ ಕೊನೆಯವರೆಗೆ ಓದಿ, ಕೆಳಗೆ ಸಹಿ ಹಾಕಿ, ಹೊರಗೆ ಬಂದು ತಮ್ಮ ಮೇಜಿನ ಮುಂದೆ ಬೆನ್ನು ನೇರ ಮಾಡಿಕೊಂಡು ಕುಳಿತರು. ಅವರ ತಂಗಿಯ ಮಗಳು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ಅಂಗಡಿಯ ಯಂತ್ರಗಳ ವಿವರವನ್ನೂ ಕೊಡಬೇಕೆಂದು ಕಚೇರಿಯಿಂದ ಕೇಳಿದ್ದಾರೆ. ನಾಳೆ ಬೆಳಿಗ್ಗೆ ದೊಡ್ಡಪ್ಪನ ಜೊತೆ ಹೋಗಿ, ಗರಗಸದ ಯಂತ್ರದಿಂದ ಶುರು ಮಾಡಿ, ಒಂದೊಂದನ್ನೂ ನೋಡಿ ಬರೆದುಕೊಳ್ಳುತ್ತೇನೆ.