ಬತ್ತಿದ ಟಾಕಿ, ಹದಿನಾಲ್ಕು ತಾಸು

ನಾನು ನಿಂತಿದ್ದು ಬಸವಕಲ್ಯಾಣದಲ್ಲಿ, ನಮ್ಮ ಕಾಲೇಜು ಹಾಸ್ಟೆಲಿನ ಮಾಳಿಗೆಯ ಮೇಲೆ, ನೀರಿನ ಟಾಕಿಗೆ ಹಚ್ಚಿದ ಕಬ್ಬಿಣದ ಏಣಿಯ ಮೂರನೆಯ ಮೆಟ್ಟಿಲಲ್ಲಿ. ಸೋಮವಾರ, ಬೆಳಿಗ್ಗೆ ಒಂಬತ್ತೂಕಾಲು. ಹುಮನಾಬಾದಿನ ಬಸ್ಸಿಳಿದು ಇಪ್ಪತ್ತು ನಿಮಿಷವಾಗಿತ್ತು.

ಶನಿವಾರ ಸಂಜೆ ತುಂಬಿಸಿದ್ದ ಟಾಕಿ ಬತ್ತಿತ್ತು. ಯಾರೋ ತಳದ ನಳ ತೆರೆದಿಟ್ಟಿದ್ದರಿಂದ ನೀರೆಲ್ಲ ಹಿತ್ತಲ ಚರಂಡಿಗೆ ಹೋಗಿತ್ತು. ರಜೆಯಾದ್ದರಿಂದ ಹಾಸ್ಟೆಲಿನಲ್ಲಿ ವಿದ್ಯಾರ್ಥಿಗಳಿರಲಿಲ್ಲ. ಟಾಕಿ ಖಾಲಿಯಾದದ್ದನ್ನು ಮೊದಲು ನೋಡಿದ್ದು ಅಡುಗೆಯ ಅಕ್ಕ, ಸೋಮವಾರ ಬೆಳಿಗ್ಗೆ ಆರಕ್ಕೆ. ನೀರು ಬಿಡಲು ಇಬ್ಬರಿದ್ದರು. ರವಿವಾರ ಮಧ್ಯಾಹ್ನ ಹನ್ನೆರಡಕ್ಕೆ ಪಾಳಿ ಬದಲಾಗಿತ್ತು. ಎರಡನೆಯ ಪಾಳಿಯವನು, ಹುಡಗಿ ಎಂಬ ಊರಿನವನು, ಏಣಿಯ ಕೆಳಗೆ ಕೈಕಟ್ಟಿ ನಿಂತಿದ್ದ. ಯಾರ ಪಾಳಿಯಲ್ಲಿ ನಳ ತೆರೆದಿತ್ತೋ ಅವನ ಕೆಲಸ ಹೋಗುವುದಿತ್ತು.

“ಸರ್, ನೀವು ಗಣಿತದವರು. ನಳ ಎಷ್ಟಕ್ಕ ತೆರದಾರ, ಹೇಳ್ರಿ,” ಎಂದರು ವಾರ್ಡನ್.

ಟಾಕಿಯ ಎತ್ತರ, ಅಗಲ, ನಳದ ಬಾಯಿ ಅಳೆದೆ. ನೀರು ಇಳಿಯುವ ವೇಗ ಮಟ್ಟದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಆ ಅವಕಲ ಸಮೀಕರಣ ಬಿಡಿಸಿದಾಗ, ಟಾಕಿ ಬತ್ತಲು ಹದಿನಾಲ್ಕು ತಾಸು ಬಂತು. ಆರು ಗಂಟೆಯಿಂದ ಹಿಂದಕ್ಕೆ ಎಣಿಸಿ, “ನಿನ್ನೆ ಸಂಜೆ ನಾಲ್ಕು,” ಎಂದೆ.

“ನಾ ಮುಟ್ಟೇ ಇಲ್ರಿ ಸರ್,” ಎಂದ ಹುಡಗಿಯವನು.

“ಮಾಸ್ತರ್ರ, ಆರಕ್ಕ ನಾ ನೋಡೀನ್ರಿ,” ಎಂದಳು ಅಡುಗೆಯ ಅಕ್ಕ. “ಖಾಲಿ ಯಾವಾಗ ಆಗ್ಯದೋ ಯಾರಿಗ್ ಗೊತ್ತದ?”

“ನೀ ರೊಟ್ಟಿ ಬಡಿಯವ್ವಾ. ಲೆಕ್ಕ ಸರ್ ಮಾಡ್ತಾರ,” ಎಂದು ವಾರ್ಡನ್ ನಕ್ಕರು.

ಅಕ್ಕ ಕೇಳಿದ್ದು ಸರಿಯಾಗಿತ್ತು. ಶುಕ್ರವಾರವಷ್ಟೇ ತರಗತಿಯಲ್ಲಿ ಇದನ್ನೇ ಕಲಿಸಿದ್ದೆ: ಸಮೀಕರಣಕ್ಕೆ ಪರಿಹಾರ ಇದೆ ಎನ್ನುವುದು ಒಂದು ಮಾತು, ಒಂದೇ ಇದೆ ಎನ್ನುವುದು ಬೇರೆ ಮಾತು. ಟಾಕಿಯಲ್ಲಿ ನೀರಿರುವಷ್ಟು ಹೊತ್ತು ಪರಿಹಾರ ಒಂದೇ. ಮಟ್ಟ ಸೊನ್ನೆ ಮುಟ್ಟಿದ ಜಾಗದಲ್ಲಿ ಆ ನಿಯಮ ಮುರಿಯುತ್ತದೆ. ನಳ ಯಾವ ಹೊತ್ತಿಗೆ ತೆರೆದಿದ್ದರೂ ನೀರು ಇಳಿದ ದಾರಿಗಳೆಲ್ಲ ಅದೇ ಸೊನ್ನೆಗೆ ಬಂದು ಸೇರುತ್ತವೆ. ಬತ್ತಿದ ಟಾಕಿ ನೋಡಿ ಯಾವ ದಾರಿ ಎಂದು ಹೇಳಲು ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ಮುಂಚೆಯೇ ಬತ್ತಿದ್ದರೆ, ನಳ ತೆರೆದದ್ದು ಮೊದಲಿನವನ ಪಾಳಿಯಲ್ಲಿ. ಅಕ್ಕ ನೋಡಿದ ಹೊತ್ತನ್ನೇ ನಾನು ಬತ್ತಿದ ಹೊತ್ತು ಎಂದು ಹಿಡಿದಿದ್ದೆ.

ವಾರ್ಡನ್ ಆಗಲೇ ನಾಲ್ಕು ಗಂಟೆ ಎಂದು ಬರೆದು ಕಾಗದವನ್ನು ನನ್ನತ್ತ ಮೇಲಕ್ಕೆ ಚಾಚಿದ್ದರು. ಮೂರನೆಯ ಮೆಟ್ಟಿಲಲ್ಲೇ ನಿಂತು ಸಹಿ ಮಾಡಿದೆ. ಹುಡಗಿಯವನು ಅಂದೇ ಮಧ್ಯಾಹ್ನ ಕೆಲಸ ಕಳೆದುಕೊಂಡು ಹೋದ.

ವಾರ್ಡನ್ ಈಗಿಲ್ಲ. ಅದನ್ನು ಕಂಡವರಲ್ಲಿ ನನ್ನನ್ನು ಬಿಟ್ಟು ಇಬ್ಬರು ಬದುಕಿದ್ದಾರೆ. ಅಡುಗೆಯ ಅಕ್ಕ ಮೋರಖಂಡಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಹುಡಗಿಯವನು ತನ್ನ ಊರಲ್ಲೇ ಇದ್ದಾನೆ; ಸಹಿ ಮಾಡುವಾಗಲೇ ನನಗೆ ತಪ್ಪು ತಿಳಿದಿತ್ತು ಎಂದು ಅವನಿಗೆ ಇನ್ನೂ ಹೇಳಿಲ್ಲ.